90 ಎಂಎಲ್ ಲೆಕ್ಕ

ಅಗ್ಗದ ವಿಸ್ಕಿ ಕುಡಿಯೋರನ್ನ ಕಂಡು ಮೂಗು ಮುರಿಯೋರಿಗೆ ಒಂದು ಮಾತು.

90 ಎಂಎಲ್ ಟೆಟ್ರಾ ಪ್ಯಾಕ್ ನಾನೂ ರುಚಿ ನೋಡಿದೀನಿ. ಮೊದಲು ಸುಟ್ಟ ಸಕ್ಕರೆ ಸಿಹಿ, ಆಮೇಲೆ ಗಂಟಲಲ್ಲಿ ಬೆಂಕಿ. ಅದರಲ್ಲಿರೋದು ಹೆಚ್ಚಾಗಿ ಕಬ್ಬಿನ ಕಾಕಂಬಿಯ ಸ್ಪಿರಿಟ್, ಬಣ್ಣಕ್ಕೆ ಕ್ಯಾರಮೆಲ್. ಸ್ಕಾಚ್ ಅನ್ನಿಸಿಕೊಳ್ಳೋಕೆ ಧಾನ್ಯ ಬೇಕು, ಓಕ್ ಪೀಪಾಯಿಯಲ್ಲಿ 3 ವರ್ಷ ಬೇಕು. ಕಾಕಂಬಿಯದನ್ನ ಯುರೋಪಿನಲ್ಲಿ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ.

2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಕೇರಿಯ ಕೈಗೆ ಈ ಪ್ಯಾಕ್ ಬಂತು. ಕಬ್ಬು ಕಡಿದೋನೂ ನಮ್ಮವನೇ, ಕಾಕಂಬಿ ಕುಡಿಯೋನೂ ನಮ್ಮವನೇ, ಅಬಕಾರಿ ಸುಂಕ ತೆರೋನೂ ನಮ್ಮವನೇ. ಅವನಿಗೆ 'ಕುಡುಕ' ಅನ್ನೋ ಹೆಸರು. ಕ್ಲಬ್ಬಲ್ಲಿ ಸಿಂಗಲ್ ಮಾಲ್ಟ್ ಹಿಡಿದೋನಿಗೆ 'ಅಭಿರುಚಿ'!

ಕುಡೀರಿ ಅಂತಿಲ್ಲ ನಾನು. ಕೊಳ್ಳೋ ಮುಂಚೆ ಲೇಬಲ್ ಓದಿ, ಕೂಲಿಯಲ್ಲಿ ಮನೆಗೆಷ್ಟು ಉಳೀತು ನೋಡಿ. ಆ ಲೆಕ್ಕ ಸರ್ಕಾರವನ್ನೂ ಕೇಳೋಣ.

ಜೈ ಭೀಮ್.