ಜಮಖಾನದ ಮೇಲೆ ಈಜು

ಈಜುವವರಿಗೆ ಯೋಗ ಯಾಕ್ರೀ ಬೇಕು ಎಂದು ನನ್ನ ಜೊತೆ ಬೆಳಗಿನ ವಾಕಿಂಗ್ ಬರುವ ಗೆಳೆಯರೊಬ್ಬರು ಕೇಳಿದರು. ಈಜಿನಲ್ಲಿ ಮೈಯೆಲ್ಲ ದುಡಿಯುತ್ತದೆ, ಅದರ ಮೇಲೆ ಇನ್ನೊಂದೇಕೆ ಎಂಬುದು ಅವರ ವಾದ. ಅವರ ಮಾತು ಅರ್ಧ ನಿಜ. ಉಳಿದರ್ಧ ನನಗೆ ತಿಳಿದದ್ದು ನನ್ನ 12 ವರ್ಷದ ಮೊಮ್ಮಗಳಿಂದ.

ಅವಳು ವಾರಕ್ಕೆ ಆರು ದಿನ, ಬೆಳಿಗ್ಗೆ ಐದೂವರೆಗೆಲ್ಲ ಈಜುಕೊಳದಲ್ಲಿರುತ್ತಾಳೆ. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅವಳು ನೀರಿನಲ್ಲಿ, ನಾನು ಮೆಟ್ಟಿಲ ಮೇಲೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನೋಟು ಎಣಿಸಿದ ಕೈ ಇದು. ಸುಮ್ಮನೆ ಕೂತರೆ ಏನಾದರೂ ಎಣಿಸಬೇಕು ಅನ್ನಿಸುತ್ತದೆ. ಒಂದು ದಿನ ಅವಳು ತೋಳು ಬೀಸುವುದನ್ನೇ ಎಣಿಸಿದೆ. ಕೊಳದ ಉದ್ದ 50 ಮೀಟರ್. ಆ ತುದಿ ಮುಟ್ಟಲು ಅವಳಿಗೆ ಸುಮಾರು 50 ಬೀಸು ಬೇಕು. ದಿನಕ್ಕೆ ಎರಡು ಕಿಲೋಮೀಟರ್ ಎಂದರೆ 2000 ಬೀಸು. ಒಂದೊಂದು ಭುಜದ ಪಾಲಿಗೆ ಸಾವಿರ! ಮಕ್ಕಳೇ, ಬಾವಿಯ ರಾಟೆಗೂ ದಿನಕ್ಕೆ ಅಷ್ಟು ಕೆಲಸ ಇರುತ್ತಿರಲಿಲ್ಲ.

ಕಳೆದ ವರ್ಷ ಜಿಲ್ಲಾ ಮಟ್ಟದ ಸ್ಪರ್ಧೆಗೆ ಮೂರು ವಾರ ಇರುವಾಗ ಅವಳ ಬಲಭುಜ ನೋಯತೊಡಗಿತು. ಜಡೆ ಹಾಕಿಸಿಕೊಳ್ಳಲು ಕೈ ಎತ್ತಿದರೂ ಮುಖ ಹಿಂಡುತ್ತಿದ್ದಳು. ಡಾಕ್ಟರು ನೋಡಿ, ಮೂಳೆಗೇನೂ ಆಗಿಲ್ಲ, ಎರಡು ವಾರ ನೀರಿಗಿಳಿಯಬೇಡ ಎಂದರು. ಫಿಸಿಯೋಥೆರಪಿ ಹೇಳಿಕೊಡುವಾಕೆ ಇನ್ನೊಂದು ಮಾತು ಹೇಳಿದರು. ಈಜುವ ಮಕ್ಕಳ ಭುಜ ಅನೇಕ ಸಲ ಬೇಕಾದ್ದಕ್ಕಿಂತ ಸಡಿಲವಾಗಿಯೇ ಇರುತ್ತದಂತೆ. ಮುಂದಕ್ಕೆ ಎಳೆದೂ ಎಳೆದೂ ಎದೆಯ ಸ್ನಾಯು ಬಿಗಿಯಾಗುತ್ತದೆ, ಬೆನ್ನಿನ ಮೇಲ್ಭಾಗದ ಸ್ನಾಯು ಬಲ ಸಾಲದೆ ಸೋಲುತ್ತದೆ. ಆದ್ದರಿಂದ ನೋಯುವ ಭುಜವನ್ನು ಹಿಡಿದು ಜಗ್ಗಬಾರದು, ಹಿಂದಿನ ಸ್ನಾಯುಗಳನ್ನು ಗಟ್ಟಿ ಮಾಡಬೇಕು ಎಂದರು.

ಮನೆಗೆ ಬಂದವಳು ಊಟ ಮಾಡಲಿಲ್ಲ. ಸ್ಪರ್ಧೆ ಕೈತಪ್ಪಿತು ಎಂದು ಅಳು. ನನ್ನ ಹೆಂಡತಿ, "ರೀ, ನಾಳೆಯಿಂದ ಅವಳನ್ನೂ ನಿಮ್ಮ ಜಮಖಾನದ ಮೇಲೆ ಕೂರಿಸ್ಕೊಳ್ಳಿ, ಇಲ್ದಿದ್ರೆ ಈ ಹುಡುಗಿ ಎರಡು ವಾರ ನಮ್ಮನ್ನ ನೆಮ್ಮದಿಯಾಗಿ ಇರಕ್ಕೆ ಬಿಡಲ್ಲ" ಎಂದಳು.

ನನ್ನ ಜಮಖಾನದ ಕಥೆ ದೊಡ್ಡದೇನಲ್ಲ. ನಿವೃತ್ತಿಯಾದ ವರ್ಷ ಎಡಭುಜ ಹಿಡಿದುಕೊಂಡು ಅಂಗಿ ತೊಡುವುದೂ ಕಷ್ಟವಾದಾಗ, ಬಡಾವಣೆಯ ಯೋಗ ತರಗತಿಗೆ ಸೇರಿದವನು ನಾನು. ಮೈಸೂರಿನಲ್ಲಿದ್ದು ಯೋಗ ಕಲಿಯದಿದ್ದರೆ ಹೇಗೆ? ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರು ಇದು. ಅವರು 'ಯೋಗ ಮಕರಂದ'ವನ್ನು ಬರೆದದ್ದು ಕನ್ನಡದಲ್ಲೇ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ, ಅವರ ಬಳಿಗೆ ಬಂದ ಒಬ್ಬ ಕಾಯಿಲೆಯ ಹುಡುಗನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಎಂದು ಜಗತ್ತಿಗೆಲ್ಲ ಗುರುವಾದರು. ಮೈ ಬಗ್ಗದವರು ಹಗ್ಗ, ಮರದ ತುಂಡು, ಕುರ್ಚಿ ಇಟ್ಟುಕೊಂಡು ಆಸನ ಮಾಡುವ ದಾರಿ ತೋರಿಸಿದ್ದು ಅವರೇ. ನನ್ನಂಥ ಮುದುಕರು ಅವರಿಗೆ ದಿನಾ ಒಂದು ನಮಸ್ಕಾರ ಹಾಕಬೇಕು.

ನೋವು ಕಡಿಮೆಯಾಗುವವರೆಗೆ ಕೈ ಎತ್ತುವ ಆಸನ ಯಾವುದನ್ನೂ ಮಾಡಿಸಲಿಲ್ಲ. ಮೊದಲು ವಜ್ರಾಸನ. ಅವಳಿಗೆ ಅದು ತೀರಾ ಸುಲಭ ಎಂದುಕೊಂಡಿದ್ದೆ, ಎರಡು ನಿಮಿಷಕ್ಕೆ ಪಾದ ನೋವು ಎಂದು ಎದ್ದಳು. ಈಜುವಾಗ ಪಾದದ ಮೇಲ್ಭಾಗ ಮೀನಿನ ಬಾಲದ ಹಾಗೆ ಹಿಂದಕ್ಕೆ ಚಾಚಿಕೊಂಡಿರಬೇಕು. ಹಿಮ್ಮಡಿ ಕೀಲು ಬಿಗಿಯಾಗಿದ್ದರೆ ಎಷ್ಟು ಒದ್ದರೂ ನೀರು ಚಿಮ್ಮುತ್ತದೆಯೇ ಹೊರತು ಮೈ ಮುಂದಕ್ಕೆ ಹೋಗುವುದಿಲ್ಲ. ಆ ಕೀಲನ್ನು ಸಡಿಲಿಸಲು ವಜ್ರಾಸನ ಒಳ್ಳೆಯದು. ಆಮೇಲೆ ಶಲಭಾಸನ: ಬೋರಲು ಮಲಗಿ ಎದೆ, ಕಾಲು ಎತ್ತುವುದು. ಬೆನ್ನಿಗೆ ಬಲ ಬರುವುದು ಅಲ್ಲಿ. ಡಾಕ್ಟರು ಸರಿ ಎಂದ ಮೇಲೆ ತಾಡಾಸನದಲ್ಲಿ ಎರಡೂ ತೋಳನ್ನು ಕಿವಿಗೆ ತಾಗಿಸಿ ಮೇಲಕ್ಕೆ ಚಾಚಿಸಿದೆ. "ತಾತ, ಇದು ಗೋಡೆ ಒದ್ದು ಹೊರಟಾಗ ನಾವು ಮಾಡೋದೇ!" ಎಂದಳು. ನಿಜ, ಅದೇ ತಾಡಾಸನವನ್ನು ನೀರಿನಲ್ಲಿ ಅಡ್ಡ ಮಲಗಿಸಿದ್ದಷ್ಟೇ.

ಯೋಗ ಮಾಡಿಸಿದವರಿಗೂ ನೀರಿನ ಮೇಲೆ ಕಣ್ಣಿತ್ತು ಎಂದು ಆಗ ಅನ್ನಿಸಿತು. ಮತ್ಸ್ಯಾಸನ, ಮಕರಾಸನ, ಕೂರ್ಮಾಸನ, ಮಂಡೂಕಾಸನ, ನೌಕಾಸನ... ಒಂದು ಕೆರೆಯೇ ಇದೆ! ಮಂಡೂಕಾಸನವನ್ನು ಮಾತ್ರ ನಾನು ಅವಳ ಜೊತೆ ಮಾಡುವುದಿಲ್ಲ. ನನ್ನ ಮಂಡಿಗೆ ಕಪ್ಪೆಯ ಸ್ನೇಹ ಬೇಡ.

ಅವಳಿಗೆ ಹೆಚ್ಚು ಉಪಯೋಗವಾದದ್ದು ಉಸಿರಿನ ಪಾಠ. ಈಜು ಕಲಿಯುವ ಮಕ್ಕಳು ನೀರಿನೊಳಗೆ ಉಸಿರು ಬಿಗಿಹಿಡಿದು, ತಲೆ ಮೇಲೆತ್ತಿದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋಗಿ ಏದುತ್ತಾರೆ. ಮುಖ ನೀರಿನಲ್ಲಿರುವಾಗಲೇ ನಿಧಾನವಾಗಿ ಬಿಡುತ್ತಿರಬೇಕು. ಜಮಖಾನದ ಮೇಲೆ ನಾಲ್ಕು ಎಣಿಸಿ ಉಸಿರು ತೆಗೆದುಕೊಂಡು ಎಂಟು ಎಣಿಸಿ ಬಿಡುವುದನ್ನು ಇಬ್ಬರೂ ಅಭ್ಯಾಸ ಮಾಡಿದೆವು. ನನಗೆ ಏಳಕ್ಕೇ ಮುಗಿಯುತ್ತಿತ್ತು.

ಆದರೆ ಇಲ್ಲೊಂದು ಅಪಾಯವಿದೆ. ಅಜ್ಜ ಅಜ್ಜಿಯರು ದಯವಿಟ್ಟು ಇದನ್ನು ಮಕ್ಕಳಿಗೆ ಓದಿ ಹೇಳಿ. ಬೇಸಿಗೆ ರಜೆಯಲ್ಲಿ ನೆಂಟರೊಬ್ಬರ ಅಪಾರ್ಟ್‌ಮೆಂಟಿನ ಕೊಳಕ್ಕೆ ಹೋಗಿದ್ದೆವು. ನಾಲ್ಕು ಮಕ್ಕಳು ದಡದಲ್ಲಿ ಕುಳಿತು ಬಿರಬಿರನೆ ಕಪಾಲಭಾತಿ ಮಾಡುತ್ತಿದ್ದವು. ಏನು ಭಕ್ತಿ ಎಂದುಕೊಳ್ಳುವಷ್ಟರಲ್ಲಿ, ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೋ ಅವರೇ ಗೆದ್ದಂತೆ ಎಂಬ ಪಂದ್ಯ ಎಂದು ತಿಳಿಯಿತು. ಕೂಗಿ ಎಲ್ಲರನ್ನೂ ಮೇಲಕ್ಕೆ ಕರೆದೆ.

ಲೆಕ್ಕ ಹೀಗಿದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಯಂತ್ರ ಆರೋಗ್ಯವಂತರಿಗೆ 97, 98 ಎಂದು ತೋರಿಸುತ್ತಿದ್ದುದು ನೆನಪಿದೆಯಲ್ಲವೇ? ಅಂದರೆ ಸಹಜ ಉಸಿರಾಟದಲ್ಲೇ ರಕ್ತದ ಆಮ್ಲಜನಕದ ಖಾತೆ ಹೆಚ್ಚುಕಡಿಮೆ ತುಂಬಿರುತ್ತದೆ. ರಭಸದಿಂದ ಉಸಿರಾಡಿದರೆ ಆ ಖಾತೆಗೆ ಜಮೆಯಾಗುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ. ಉಸಿರು ತಗೋ ಎಂದು ಮೆದುಳಿಗೆ ಮುಖ್ಯವಾಗಿ ನೋಟಿಸು ಕಳಿಸುವುದೇ ಆ ಅನಿಲ. ನೋಟಿಸು ಬರುವ ಮೊದಲೇ ಆಮ್ಲಜನಕ ಮುಗಿದರೆ, ಒಳ್ಳೆಯ ಈಜುಗಾರನೂ ನೀರಿನೊಳಗೆ ಸದ್ದಿಲ್ಲದೆ ಎಚ್ಚರ ತಪ್ಪುತ್ತಾನೆ. ಎದೆ ಮಟ್ಟದ ನೀರಿನಲ್ಲೂ ಹೀಗೆ ಸತ್ತವರಿದ್ದಾರೆ. ಕಪಾಲಭಾತಿ, ಭಸ್ತ್ರಿಕಾ ಜಮಖಾನದ ಮೇಲಿರಲಿ, ನೀರಿಗಿಳಿಯುವ ಮುಂಚೆ ಬೇಡ. ಮುಳುಗುವ ಪಂದ್ಯವಂತೂ ಬೇಡವೇ ಬೇಡ. ಬಿ.ಪಿ., ಹೃದಯದ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳದೆ ಉಸಿರು ಕಟ್ಟಬಾರದು.

ಮಕ್ಕಳು ಮುಖ ಸಣ್ಣ ಮಾಡಿಕೊಂಡವು. ಬದಲಿಗೆ, ಎಷ್ಟು ಕಡಿಮೆ ಬೀಸಿನಲ್ಲಿ ಆ ದಡ ಮುಟ್ಟುತ್ತೀರಿ ನೋಡೋಣ ಎಂದೆ. ಎಣಿಸಲು ನಾನಿದ್ದೆನಲ್ಲ!

ಮೊಮ್ಮಗಳಿಗೆ ಆ ಜಿಲ್ಲಾ ಸ್ಪರ್ಧೆ ತಪ್ಪಿಯೇ ಹೋಯಿತು. ನನ್ನ ಪಕ್ಕ ಮೆಟ್ಟಿಲ ಮೇಲೆ ಕುಳಿತು ಗೆಳತಿಯರಿಗೆ ಚಪ್ಪಾಳೆ ತಟ್ಟಿದಳು, ಸ್ವಲ್ಪ ಅತ್ತಳು, ಆಮೇಲೆ ಮಸಾಲೆ ದೋಸೆ ತಿಂದಳು. ಈಗ ಭುಜ ಸರಿಯಾಗಿದೆ. ಯೋಗದಿಂದ ಅವಳ ವೇಗ ಹೆಚ್ಚಿತೇ ಎಂದರೆ ನಾನು ಹೂಂ ಎನ್ನಲಾರೆ. ವೇಗ ಬರುವುದು ನೀರಿನಲ್ಲೇ. ನೋವಿಲ್ಲದೆ ಇಡೀ ವರ್ಷ ಈಜಿದ್ದಾಳೆ, ನನಗೆ ಅಷ್ಟು ಸಾಕು. ಶಾಲೆಗೆ ಹೊರಡುವ ಮುಂಚೆ ಹದಿನೈದು ನಿಮಿಷ ಜಮಖಾನದ ಮೇಲೆ ಬಂದೇ ಬರುತ್ತಾಳೆ. ಗೋಮುಖಾಸನದಲ್ಲಿ ಅವಳ ಬೆರಳುಗಳು ಬೆನ್ನ ಹಿಂದೆ ಸುಲಭವಾಗಿ ಸೇರುತ್ತವೆ. ನನ್ನ ಎರಡು ಕೈಗಳ ನಡುವೆ ಇನ್ನೂ ಒಂದು ಗೇಣು ಟವಲು ಇದೆ.

"ತಾತ, ನೀನೂ ನೀರಿಗಿಳಿ" ಎಂದು ಈಗ ಹಟ ಹಿಡಿದಿದ್ದಾಳೆ. ಹುಡುಗನಾಗಿದ್ದಾಗ ಬೆನ್ನಿಗೆ ಬೆಂಡು ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು ನಾನು. ಬಿಟ್ಟು ಐವತ್ತು ವರ್ಷವಾಯಿತು. ಡಾಕ್ಟರು ಬಿ.ಪಿ. ನೋಡಿ ಒಪ್ಪಿಗೆ ಕೊಟ್ಟಿದ್ದಾರೆ. ಸೋಮವಾರದಿಂದ, ಎದೆ ಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಕೋಚ್ ಇದ್ದಾಗ ಮಾತ್ರ. ಟೋಪಿಯನ್ನು ಅವಳೇ ಆರಿಸಿದಳು, ಕಿತ್ತಳೆ ಬಣ್ಣದ್ದು. ಎಲ್ಲಿದ್ದರೂ ಕಾಣಬೇಕಂತೆ ನಾನು.