ಮುಖ ಕೆಂಪಾದರೆ ಅಂಜಬೇಡಿರಿ



ನಮ್ಮ ತರಗತಿಯಲ್ಲಿ ಬೇಗ ಮುಖ ಕೆಂಪಾಗುವುದು ಯಾರಿಗೆ ಎಂದು ಕೇಳಿದರೆ ನೀವೆಲ್ಲ ನನ್ನ ಕಡೆಗೇ ಬೆರಳು ತೋರಿಸುತ್ತೀರಿ. ‘ಹಾಜರ್ ಸರ್’ ಅನ್ನಲಿಕ್ಕೆ ಎದ್ದರೂ ಸಾಕು, ಕಿವಿ ಬಿಸಿಯಾಗುತ್ತವೆ, ಕೆನ್ನೆ ಉರಿಯುತ್ತವೆ. ಮನೆಗೆ ಬೀಗರು ಬಂದಾಗ ನೀರಿನ ತಂಬಿಗೆ ಕೊಡಲಿಕ್ಕೆ ಹೋದರೂ ಅದೇ ಗತಿ. ‘ಯಾಕವಾ, ಜ್ವರ ಬಂದಾವೇನು?’ ಅಂತ ಅವ್ವ ಹಣೆ ಮುಟ್ಟಿ ನೋಡುತ್ತಾಳೆ.

ಇದು ಏಕೆ ಆಗುತ್ತದೆ? ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂದು ಅನ್ನಿಸಿದ ಕೂಡಲೇ ಮಿದುಳಿನಿಂದ ನರಗಳ ಮೂಲಕ ಸುದ್ದಿ ಹೋಗುತ್ತದೆ. ಮುಖದ ಚರ್ಮದ ಕೆಳಗಿರುವ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ನಮ್ಮ ಎಡದಂಡೆ ಕಾಲುವೆಯ ತೂಬು ಎತ್ತಿದರೆ ಗದ್ದೆಗೆ ನೀರು ನುಗ್ಗುವ ಹಾಗೆ ಕೆನ್ನೆ, ಕಿವಿ, ಕುತ್ತಿಗೆಗೆ ರಕ್ತ ನುಗ್ಗುತ್ತದೆ. ಕೈ ಎತ್ತು ಅಂದರೆ ಕೈ ಏಳುತ್ತದೆ. ಕೆಂಪಾಗಬೇಡ ಅಂದರೆ ಮುಖ ಕೇಳುವುದಿಲ್ಲ. ಬ್ಯಾಡ ಬ್ಯಾಡ ಅಂದಷ್ಟೂ ಜಾಸ್ತಿ ಆಗುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅವರು 1872ರಲ್ಲಿ ಪ್ರಕಟಿಸಿದ, ಭಾವನೆಗಳನ್ನು ಕುರಿತ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಬರೆದಿದ್ದಾರೆ. ಇನ್ನೊಬ್ಬರು ನಮ್ಮ ಬಗ್ಗೆ ಏನು ಅಂದುಕೊಂಡಾರು ಎಂಬ ಯೋಚನೆಯೇ ಇದಕ್ಕೆ ಮೂಲ ಎಂದು ಅವರ ಅಭಿಪ್ರಾಯ. ಮೈಬಣ್ಣ ಕಪ್ಪಿದ್ದವರಿಗೂ ಇದು ಆಗುತ್ತದೆ. ಅವರಿಗೆ ಬಿಸಿ ತಿಳಿಯುತ್ತದೆ, ನೋಡುವವರಿಗೆ ಕೆಂಪು ಕಾಣುವುದಿಲ್ಲ, ಅಷ್ಟೇ. ಆದ್ದರಿಂದ ನಿಮ್ಮ ಪಕ್ಕದಲ್ಲಿ ಸುಮ್ಮನೆ ಕುಳಿತವರ ಕಿವಿಯೂ ಉರಿಯುತ್ತಿರಬಹುದು.

ನಾನು ಮಾಡುವ ಉಪಾಯ ಹೇಳುತ್ತೇನೆ. ಎದ್ದು ನಿಲ್ಲುವ ಮೊದಲು ಮೂಗಿನಿಂದ ಉಸಿರು ಎಳೆದು ನಿಧಾನವಾಗಿ ಬಿಡುತ್ತೇನೆ. ‘ಆಗಲಿ ಬಿಡು, ತಾನೇ ಇಳೀತೈತಿ’ ಅಂದುಕೊಳ್ಳುತ್ತೇನೆ. ಗಮನವನ್ನು ಮುಖದ ಮೇಲೆ ಇಡದೆ ಓದುವ ಸಾಲಿನ ಮೇಲೆ ಇಡುತ್ತೇನೆ. ಮೊದಲು ಅವ್ವನ ಮುಂದೆ, ಆಮೇಲೆ ಇಬ್ಬರು ಗೆಳತಿಯರ ಮುಂದೆ, ಆಮೇಲೆ ತರಗತಿಯಲ್ಲಿ ಗಟ್ಟಿಯಾಗಿ ಓದುತ್ತ ಬಂದಿದ್ದೇನೆ. ಕೆಂಪಾಗುವುದು ನಿಂತಿಲ್ಲ. ಅಂಜಿಕೆ ಮಾತ್ರ ಕಡಿಮೆಯಾಗಿದೆ.

ಯಾರೋ ಹೇಳಿದರೆಂದು ಔಷಧ ಅಂಗಡಿಯಿಂದ ಕ್ರೀಮ್ ತಂದು ಹಚ್ಚಬೇಡಿರಿ. ಸ್ಟಿರಾಯ್ಡ್ ಇರುವ ಕ್ರೀಮನ್ನು ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗಿ ಮುಖ ಇನ್ನೂ ಕೆಂಪಾಗುತ್ತದೆ. ತುರಿಕೆ, ಗುಳ್ಳೆ ಇದ್ದರೆ ಡಾಕ್ಟರಿಗೆ ತೋರಿಸಿರಿ. ಅಂಜಿಕೆಯಿಂದ ಶಾಲೆಗೇ ಬರಲಾರದಂತಾದರೆ ಅದಕ್ಕೂ ಚಿಕಿತ್ಸೆ ಇದೆ. ಮಾತುಕತೆ, ಅಭ್ಯಾಸಗಳಿಂದಲೇ ಬಹಳ ಮಂದಿಗೆ ಗುಣ ಕಾಣುತ್ತದೆ. ಅವಶ್ಯವಿದ್ದರೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್‌ಗೆ, ಅಂದರೆ 14416 ನಂಬರಿಗೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಪುಕ್ಕಟೆ ಸಲಹೆ ಸಿಗುತ್ತದೆ.

1948ರ ಸೆಪ್ಟೆಂಬರ್ 17 ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ದಿನ. ಈ ಸಲದ ಆ ದಿನಾಚರಣೆಗೆ ಭಾಷಣ ಮಾಡಲು ನಾನು ಹೆಸರು ಕೊಟ್ಟಿದ್ದೇನೆ. ಧ್ವಜದ ಕಟ್ಟೆಯ ಮುಂದೆ ನಿಂತಾಗ ನನ್ನ ಮುಖ ಕೆಂಪಾಗುವುದಂತೂ ಖಂಡಿತ. ‘ಏ, ಟಮಾಟಿ ಆಗ್ಯಾಳ ನೋಡ್ರಲೇ’ ಅಂತ ಯಾರೂ ಕೂಗಬೇಡಿರಿ. ಕೂಗಿದರೆ ತೂಬು ಇನ್ನೊಂದಿಷ್ಟು ಎತ್ತಿದ ಹಾಗೆ. ಸುಮ್ಮನಿದ್ದು ನಾನು ಹೇಳುವುದನ್ನು ಕೇಳಿರಿ. ನನಗಷ್ಟೇ ಅಲ್ಲ, ಮುಂದೆ ಬರಲು ಅಂಜುವ ಎಲ್ಲರಿಗೂ ಇಷ್ಟು ಸಹಾಯ ಮಾಡಬೇಕೆಂದು ಕೇಳಿಕೊಂಡು ನನ್ನ ಲೇಖನ ಮುಗಿಸುತ್ತೇನೆ.

– 9ನೇ ತರಗತಿಯ ವಿದ್ಯಾರ್ಥಿನಿ, ಜವಳಗೇರಾ