ಅನುಮತಿಯೂ ಅಧಿಕಾರವೂ

ಶ್ರೀಮಠಕ್ಕೆ ಬರುವ ವೃದ್ಧ ಭಕ್ತರಲ್ಲಿ ಅನೇಕರು ತಮ್ಮ ಎ.ಟಿ.ಎಂ. ಕಾರ್ಡನ್ನೂ ಅದರ ಗುಪ್ತಸಂಖ್ಯೆಯನ್ನೂ ಮಗನಿಗೋ ಮೊಮ್ಮಗನಿಗೋ ಒಪ್ಪಿಸಿರುವುದನ್ನು ನಾವು ಬಲ್ಲೆವು. “ನಾನೇ ಕೊಟ್ಟದ್ದು ಬುದ್ಧೀ, ಇದರಲ್ಲಿ ತಪ್ಪೇನು?” ಎಂಬುದು ಅವರ ಪ್ರಶ್ನೆ.

ಮನೆಯೊಳಗಣ ವಿಶ್ವಾಸದಲ್ಲಿ ತಪ್ಪಿಲ್ಲ. ಆದರೆ ಈ ವ್ಯವಹಾರದಲ್ಲಿ ಕೊಟ್ಟವರು, ಪಡೆದವರು ಎಂಬ ಇಬ್ಬರಲ್ಲದೆ ಬ್ಯಾಂಕೆಂಬ ಮೂರನೆಯ ಪಕ್ಷವೂ ಉಂಟು. ಅದರ ಕರಾರಿನಂತೆ ಕಾರ್ಡು ಪರರ ಕೈಗೆ ಸಲ್ಲತಕ್ಕದ್ದಲ್ಲ; ಗುಪ್ತಸಂಖ್ಯೆಯು ಖಾತೆದಾರರ ರುಜುವಿಗೆ ಸಮಾನ.

೨೦೧೩ರಲ್ಲಿ ಬೆಂಗಳೂರಿನ ಬಾಣಂತಿಯೊಬ್ಬರು ತಮ್ಮ ಕಾರ್ಡನ್ನು ಪತಿಯ ಕೈಯಲ್ಲಿ ಕೊಟ್ಟು ಕಳುಹಿದರು. ಯಂತ್ರದಿಂದ ಹಣ ಬರಲಿಲ್ಲ. ೨೫,೦೦೦ ರೂಪಾಯಿ ಕಳೆದ ಚೀಟಿ ಮಾತ್ರ ಬಂದಿತು. ಗ್ರಾಹಕ ನ್ಯಾಯಾಲಯದ ವ್ಯಾಜ್ಯವು ೨೦೧೮ರಲ್ಲಿ ಅವರಿಗೆ ವಿರುದ್ಧವಾಗಿಯೇ ಮುಗಿಯಿತು. ಚೆಕ್ಕನ್ನೋ ಅಧಿಕಾರಪತ್ರವನ್ನೋ ಕೊಡಬೇಕಿತ್ತೆಂಬುದು ತೀರ್ಪಿನ ಸಾರ. ಅನುಮತಿಯಿತ್ತು, ವಂಚನೆಯಿರಲಿಲ್ಲ, ಆದರೂ ಹಣ ಹೋಯಿತು. ಗುಪ್ತಸಂಖ್ಯೆಯನ್ನು ಹಂಚಿಕೊಂಡುದರಿಂದ ಆಗುವ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೆ, ಗ್ರಾಹಕರೇ ಹೊರಬೇಕೆಂದು ರಿಸರ್ವ್ ಬ್ಯಾಂಕು ೨೦೧೭ರಲ್ಲಿ ವಿಧಿಸಿತು.

ಹಾಗಾದರೆ ಅಶಕ್ತರು ಮಾಡುವುದೇನು? ಒಮ್ಮೆಯ ಅಗತ್ಯಕ್ಕೆ ಚೆಕ್ಕು ಸಾಕು. ಕ್ರೆಡಿಟ್ ಕಾರ್ಡಿಗಾದರೆ ಕುಟುಂಬದವರ ಹೆಸರಿನಲ್ಲಿಯೇ ಆಡ್-ಆನ್ ಕಾರ್ಡು ಪಡೆಯಬಹುದು. ಜಂಟಿ ಖಾತೆಯೂ ಒಂದು ಮಾರ್ಗ. ಅದು ಹಣದ ಮೇಲೆಯೇ ಅಧಿಕಾರ ಕೊಡುವುದರಿಂದ ವಿವೇಚಿಸಿ ಮಾಡತಕ್ಕದ್ದು.

ಇದು ಮಕ್ಕಳ ಮೇಲಣ ಅವಿಶ್ವಾಸವಲ್ಲ. ನಾಳೆ ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಒಡಹುಟ್ಟಿದವರ ಸಂಶಯವು ಮೊದಲು ತಗಲುವುದು ಕಾರ್ಡು ಹಿಡಿದವನಿಗೇ. ಬರಹದಲ್ಲಿರುವ ಅಧಿಕಾರವು ಕೊಟ್ಟವರ ಹಣವನ್ನೂ ಪಡೆದವರ ಮಾನವನ್ನೂ ಕಾಯುತ್ತದೆ.